ಅಕ್ಕನ ವ್ಯಾನಿಗೆ ನಾನು ಹಾಕಿದ ಆಯಿಲ್

ಎಣ್ಣೆಯ ವಿಷಯದಲ್ಲಿ ಚಳ್ಳಕೆರೆಯವರಿಗೆ ಯಾರೂ ಬುದ್ಧಿ ಹೇಳಬಾರದು ಎಂಬ ಜಂಬ ನನಗೆ ಹುಟ್ಟಿನಿಂದಲೇ ಇತ್ತು. ನಮ್ಮಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ದುಡಿದವನು. ಒಂದು ತೊಟ್ಟು ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಬೆರಳು ಬಿಡಿಸಿ ನೋಡಿ, ಮೂಸಿ, ಕಲಬೆರಕೆ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ನನಗೂ ಅದನ್ನೇ ಕಲಿಸಿದ. ನಾನು ಮಿಲ್ಲಿಗೆ ಹೋಗದೆ ಪಾವಗಡ ರಸ್ತೆಯಲ್ಲಿ ಗ್ಯಾರೇಜು ಹಾಕಿದೆ, ಆದರೆ ಬೆರಳಿನ ಚಾಳಿ ಬಿಡಲಿಲ್ಲ. ಇಂಜಿನ್ ಆಯಿಲನ್ನೂ ಹಾಗೆಯೇ ತಿಕ್ಕಿ ನೋಡುತ್ತಿದ್ದೆ. ಬೆರಳು ಬಿಡಿಸಿದಾಗ ಎಳೆ ಬಂದರೆ ಒಳ್ಳೆಯ ಮಾಲು, ಜಾರಿಹೋದರೆ ಕೆಟ್ಟ ಮಾಲು. ಗಿರಾಕಿಗಳೂ ನನ್ನಂಥವರೇ. ಪರಶುರಾಂಪುರದಿಂದ ಟ್ರ್ಯಾಕ್ಟರ್ ತರುವವರು ನನ್ನ ಡ್ರಮ್ಮಿನ ನಲ್ಲಿಗೆ ಬೆರಳು ಒಡ್ಡಿ, ತಿಕ್ಕಿ, ತಲೆಯಾಡಿಸಿದ ಮೇಲೆಯೇ ಹಾಕಿಸಿಕೊಳ್ಳುತ್ತಿದ್ದರು. ಇದರಲ್ಲಿ ತಪ್ಪಿದೆ ಎಂದು ಇಪ್ಪತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುವ ಆಸಾಮಿಯಾಗಿರಲಿಲ್ಲ.

ಆಮೇಲೆ ಫೋನಿನಲ್ಲಿ ಆಯಿಲ್ ತರಿಸುವ ಕಾಲ ಬಂತು. ಆಯಿಲ್ ಕಂಪನಿಯವರ ಮಾಲಾದರೆ ಹೋಗಲಿ ಎನ್ನಬಹುದಿತ್ತು. ಇದು ಆ ಆನ್‌ಲೈನ್ ಅಂಗಡಿಯವರು ತಮ್ಮದೇ ಹೆಸರು ಅಂಟಿಸಿ ಮಾರುವ ಡಬ್ಬಿ. ಸೀರೆ, ಚಾರ್ಜರು, ಕುಕ್ಕರಿನ ರಬ್ಬರು ಮಾರುವವರು ಆಯಿಲ್ ಬೇರೆ ಮಾರುತ್ತಾರಂತೆ! ಒಬ್ಬೊಬ್ಬರಾಗಿ ಗಿರಾಕಿಗಳು ಆ ಡಬ್ಬಿ ಹಿಡಿದು ಬರತೊಡಗಿದರು. "ಇದನ್ನ ಹಾಕ್ಕೊಡು, ಸಾಕು" ಎನ್ನುತ್ತಿದ್ದರು. ಮೊದಲು ತಿಂಗಳೊಪ್ಪತ್ತಿಗೆ ಮುಗಿಯುತ್ತಿದ್ದ ಡ್ರಮ್ಮು ಮೂರು ತಿಂಗಳಾದರೂ ಅರ್ಧಕ್ಕೆ ಇಳಿಯುತ್ತಿರಲಿಲ್ಲ. ಮನಸ್ಸಿನಲ್ಲಿ ಹೆದರಿಕೆ, ಬಾಯಲ್ಲಿ ತಮಾಷೆ. ಬಂದವರಿಗೆಲ್ಲ, "ನಾಳೆ ಕೊರಿಯರ್‌ನಾಗೆ ಮೆಕ್ಯಾನಿಕ್ಕನ್ನೂ ತರಿಸ್ಕಳ್ರಿ" ಎನ್ನುತ್ತಿದ್ದೆ.

ಒಂದು ಭಾನುವಾರ ನನ್ನ ಸ್ವಂತ ಅಕ್ಕನೇ ಅಂಥ ಡಬ್ಬಿ ಹಿಡಿದುಕೊಂಡು ಬಂದಳು.

ಅಕ್ಕನದು ಒಂದು ಪೆಟ್ರೋಲ್ ವ್ಯಾನ್. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಚಳ್ಳಕೆರೆಯಲ್ಲಿ ಮನೆ ಮಾಡಿಕೊಂಡು ಮೊಳಕಾಲ್ಮುರು ಕಡೆಯ ಶಾಲೆಗಳಿಗೆ ಓಡಾಡುವ ಎಂಟು ಮಂದಿ ಮೇಷ್ಟ್ರು, ಟೀಚರುಗಳನ್ನು ದಿನಾ ಕರೆದುಕೊಂಡು ಹೋಗಿ ಬರುತ್ತಿದ್ದಳು. ಭಾವ ಬಸ್ ಡ್ರೈವರ್. ಹೆಂಡತಿ ಗಾಡಿ ಓಡಿಸುವುದಕ್ಕೆ ಅವರದು ಅರ್ಧ ಮನಸ್ಸು. "ಒಂದೇ ಒಂದು ದಿನ ಗಾಡಿ ದಾರಿಯಾಗೆ ನಿಲ್ಲಲಿ, ಮಾರೋದೇ" ಎಂದು ಮೊದಲೇ ಹೇಳಿದ್ದರು. ಆ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಕ ಗಾಡಿಯ ಜೊತೆ ಬರುವ ಪುಸ್ತಕವನ್ನು ಮಡಚಿ ತಂದಿದ್ದಳು. ಕನ್ನಡಕ ಏರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಆಯಿಲ್ ನಂಬರು ಐದು, ಮೂವತ್ತು. ಇಲ್ಲೂ ಅದೇ ಐತೆ, ಡಬ್ಬಿ ಮ್ಯಾಲೂ ಅದೇ ಐತೆ. ಮೂರು ಸಲ ಓದೀನಿ."

ನಾನು ಮುಚ್ಚಳ ತೆಗೆದು ಒಂದು ತೊಟ್ಟು ತಿಕ್ಕಿದೆ. ಬೆರಳಿನಲ್ಲಿ ನಿಲ್ಲಲೇ ಇಲ್ಲ, ಜಾರಿತು.

"ಅಕ್ಕ, ಇದು ಆಯಿಲ್ಲಲ್ಲ, ನೀರು. ನಮ್ ಬಿಸಿಲಿಗೆ ಇದು ತಡೀತದಾ?"

"ನಿಮ್ ಭಾವನೂ ನಕ್ರು. ಓದಕ್ಕೆ ಬಂದಾಕ್ಷಣ ಮೆಕ್ಯಾನಿಕ್ ಆಗ್ತಾಳಾ ಅಂದ್ರು. ನೀನೂ ನಗು. ನಕ್ಕಂಡು ಇದನ್ನೇ ಹಾಕು" ಎಂದು ಅಕ್ಕ ಕೀ ಕೊಟ್ಟು ಸಂತೆಗೆ ಹೋದಳು.

ಹಳೆ ಆಯಿಲ್ ಇಳಿಸಿದೆ. ಡಬ್ಬಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಗಾಡಿ ಕೆಟ್ಟರೆ ಭಾವ ಮಾರಿಬಿಡುತ್ತಾರೆ, ಅಕ್ಕನ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿ, ಗೋಣಿಚೀಲ ಮುಚ್ಚಿ, ನನ್ನ ಡ್ರಮ್ಮಿನ ದಪ್ಪ ಆಯಿಲನ್ನು ಅಳೆದು ಹಾಕಿದೆ. ಅಕ್ಕ ಕೊತ್ತಂಬರಿ, ಬದನೆಕಾಯಿ ಹಿಡಿದು ವಾಪಸ್ ಬಂದಳು.

"ಹಾಕ್ದಾ?"

"ಹಾಕ್ದೆ."

ಅವಳು ಗಾಡಿ ತೆಗೆದುಕೊಂಡು ಹೊರಟಳು. ನನ್ನ ಮೇಲೆ ಅವಳಿಗೆ ಅನುಮಾನ ಬರುವ ಕಾರಣವೇ ಇರಲಿಲ್ಲ.

ಒಂದೂವರೆ ತಿಂಗಳು ಕಳೆಯಿತು. ಚಳಿ ಬಿದ್ದಿತ್ತು. ಬೆಳಗ್ಗೆ ಗಾಡಿ ಶುರುಮಾಡಿದಾಗ ಒಳಗೆ ಟಕಟಕ ಎನ್ನುತ್ತದೆ ಎಂದು ಅಕ್ಕ ಎರಡು ಸಲ ಫೋನ್ ಮಾಡಿದಳು. "ಚಳಿಗೆ ಹಂಗೇ, ಬಿಸಿಯಾದ್ರೆ ಸರಿಹೋಗುತ್ತೆ" ಎಂದೆ. ಫೋನ್ ಇಟ್ಟ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬೆಂಚಿನ ಕೆಳಗೆ ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಮೂರನೆಯ ಫೋನ್ ಬೆಳಗ್ಗೆ ಎಂಟಕ್ಕೆ ಬಂತು. "ಲೇ, ಇಂಜಿನ್ನಿನ ಹಳದಿ ದೀಪ ಹತ್ತೈತೆ. ಗಾಡಿ ಎಳೀತಿಲ್ಲ. ತಳಕು ದಾಟಿ ನಿಂತೀನಿ."

ಬೈಕ್ ಹತ್ತಿ ಹೋದೆ. ವ್ಯಾನು ರಸ್ತೆ ಪಕ್ಕ ನಿಂತಿತ್ತು. ಮೇಷ್ಟ್ರುಗಳು ಕೆಳಗಿಳಿದು ಗಡಿಯಾರ ನೋಡುತ್ತಿದ್ದರು. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ "ಏಮೈಂದಿ? ಏನಾಯ್ತು?" ಎಂದು ತೆಲುಗು, ಕನ್ನಡ ಎರಡರಲ್ಲೂ ಎಲ್ಲರನ್ನೂ ಒಂದು ಸುತ್ತು ಕೇಳಿದ. ಬಸ್ಸು ಬಂತು. ಎಲ್ಲರೂ ಹತ್ತಿದರು. ಕೊನೆಗೆ ಹತ್ತಿದ ಟೀಚರು ಬಾಗಿಲಲ್ಲಿ ನಿಂತು, "ಅಕ್ಕಾರೆ, ಬೇಜಾರ್ ಮಾಡ್ಕಬೇಡ್ರಿ. ಇನ್ನೊಂದ್ ಸಲ ಹಿಂಗಾದ್ರೆ ನಾವು ಬೇರೆ ಗಾಡಿ ನೋಡ್ಕಬೇಕಾಗುತ್ತೆ" ಎಂದರು.

ಬಸ್ಸು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಿನ್ ಮಾತು ಕೇಳಬೇಕಿತ್ತು. ಆ ಆನ್‌ಲೈನ್ ಆಯಿಲ್‌ದೇ ಇದು. ನಂಗ್ಯಾಕೆ ಬೇಕಿತ್ತು ಓದೋ ಶೋಕಿ."

ಆಗಲೇ ಹೇಳಬೇಕಿತ್ತು. ಹೇಳದೆ ಬಾನೆಟ್ ಎತ್ತಿ ಒಳಗೆ ಮುಖ ಹಾಕಿದೆ. ನಾಚಿಕೆಗೆ ಬಾನೆಟ್ಟಿಗಿಂತ ಒಳ್ಳೆಯ ಮರೆ ಇಲ್ಲ.

ಈರುಳ್ಳಿ ಇಳಿಸಿ ವಾಪಸಾಗುತ್ತಿದ್ದ ಒಂದು ಟೆಂಪೋಗೆ ಹಗ್ಗ ಕಟ್ಟಿ ವ್ಯಾನನ್ನು ಗ್ಯಾರೇಜಿಗೆ ಎಳೆಸಿದೆವು. ಅಕ್ಕ ಒಳಗೆ ಸ್ಟೂಲಿನ ಮೇಲೆ ಕುಳಿತಳು. ನಾನು ಹೊರಗೆ ಬಂದು, ಚಿತ್ರದುರ್ಗದಲ್ಲಿ ಕಂಪನಿ ವರ್ಕ್‌ಶಾಪಿನಲ್ಲಿರುವ ಪರಿಚಯದವನಿಗೆ ಫೋನ್ ಮಾಡಿದೆ. ಅವನು ಲಕ್ಷಣಗಳನ್ನೆಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದೇ ಇದನ್ನು.

"ಯಾವ ಆಯಿಲ್ ಹಾಕಿದೀಯಾ?"

"ಡ್ರಮ್ಮಿಂದು. ದಪ್ಪನೇದು."

"ಲೇ, ಆ ಇಂಜಿನ್ನಿಗೆ ಅದನ್ನ ಹಾಕಂಗಿಲ್ಲ. ಒಳಗಿನ ದಾರಿ ಎಲ್ಲ ಸಣ್ಣವು, ದಪ್ಪ ಆಯಿಲ್ ಟೈಮಿಗೆ ಮುಟ್ಟಲ್ಲ. ಐದು-ಮೂವತ್ತೇ ಬೇಕು."

"ಆನ್‌ಲೈನ್ ಅಂಗಡಿಯೋರ ಹೆಸರಿಂದು ಆದ್ರೂ ನಡೀತದಾ?"

"ಡಬ್ಬಿ ಮ್ಯಾಲೆ ಯಾರ ಹೆಸರಿದ್ರೆ ನಿಂಗೇನು? ಪುಸ್ತಕದಾಗೆ ಹೇಳಿರೋ ನಂಬರು, ದರ್ಜೆ ಎರಡೂ ಕೂಡಿದ್ರೆ ಹಾಕು. ಮೊದ್ಲು ಇರೋದನ್ನ ಇಳಿಸು. ಲೋಹದ ಪುಡಿ ಬಂದೈತಾ ನೋಡು. ಬಂದಿದ್ರೆ ಇಂಜಿನ್ ಬಿಚ್ಚಬೇಕು."

ಒಳಗೆ ಬಂದು ವ್ಯಾನಿನ ಕೆಳಗೆ ಮಲಗಿದೆ. ನಟ್ಟು ಬಿಚ್ಚಿದೆ. ಇಂಜಿನ್ ಬಿಚ್ಚಬೇಕಾದರೆ ಹದಿನೈದು ದಿನ. ಹದಿನೈದು ದಿನ ಮೇಷ್ಟ್ರುಗಳು ಕಾಯುವುದಿಲ್ಲ, ಭಾವನಂತೂ ಒಂದು ದಿನವೂ ಕಾಯುವುದಿಲ್ಲ. ಆಯಿಲ್ ನಿಧಾನಕ್ಕೆ ಟ್ರೇಗೆ ಇಳಿಯಿತು. ಹಳೆ ಬಿಳಿ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ ಬಿಸಿಲಿಗೆ ಹಿಡಿದೆ. ಅಕ್ಕನೂ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತಳು. ಬಟ್ಟೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದೆ. ಎಲ್ಲಿಯೂ ಮಿಂಚು ಕಾಣಲಿಲ್ಲ. ಫಿಲ್ಟರ್ ಬಿಚ್ಚಿ ಮಡಿಕೆ ಮಡಿಕೆ ನೋಡಿದೆ. ಅಲ್ಲೂ ಇರಲಿಲ್ಲ.

"ಇಂಜಿನ್ ಉಳೀತಾ?" ಎಂದಳು.

"ಉಳೀತು."

ಅಕ್ಕ ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನಿನ್ ಡ್ರಮ್ಮಿಂದೇ ಹಾಕು. ಆಮ್ಯಾಲೆ ಯಾರಿಗಾದ್ರೂ ಗಾಡಿ ಬೇಕಾ ಕೇಳು. ನಿಮ್ ಭಾವ ಹೇಳಿದ್ದೇ ಸರಿ, ಇದು ನನ್ ಕೈಲಾಗೋ ಕೆಲಸ ಅಲ್ಲ" ಎಂದಳು.

ಅಷ್ಟು ಹೊತ್ತಿಗೆ ಅವಳು ಪುಸ್ತಕವನ್ನು ನನ್ನ ಕಸದ ಡಬ್ಬದ ಮೇಲೆ ಇಟ್ಟಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೆಂಚಿನ ಕೆಳಗೆ ಕೈಹಾಕಿ, ಗೋಣಿಚೀಲ ಸರಿಸಿ, ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ.

ಅಕ್ಕ ಅದನ್ನು ಎತ್ತಿದಳು. ತುಂಬಿದ ಡಬ್ಬಿಯ ಭಾರ ಅವಳ ಕೈಗೆ ತಿಳಿಯಿತು. ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಇದನ್ನ ಹಾಕೇ ಇರ್ಲಿಲ್ವಾ?"

"ಇಲ್ಲ."

"ಹಂಗಾರೆ ನಾನು ಓದಿದ್ದು ಸರಿ ಇತ್ತಾ?"

"ಸರಿ ಇತ್ತು, ಅಕ್ಕ. ನನ್ ಆಯಿಲ್‌ದೇ ತಪ್ಪು."

ಅವಳು ಕೂಗಾಡಲಿಲ್ಲ. ಪುಸ್ತಕ ಎತ್ತಿಕೊಂಡು, ಧೂಳು ಕೊಡವಿ, ಚೀಲಕ್ಕೆ ಹಾಕಿಕೊಂಡಳು. ಹೊಸ ಫಿಲ್ಟರ್ ಹಾಕಿ ಅವಳ ಡಬ್ಬಿಯ ಆಯಿಲ್ ಸುರಿದೆ. ಗಾಡಿ ಶುರುಮಾಡಿದೆ. ಟಕಟಕ ಒಂದೆರಡು ನಿಮಿಷ ಇತ್ತು, ಆಮೇಲೆ ನಿಂತಿತು. ಇಬ್ಬರೂ ಕಿವಿಗೊಟ್ಟು ಕೇಳಿದೆವು. ಒಂದು ಸುತ್ತು ಓಡಿಸಿ ಬಂದೆ. ದೀಪ ಇನ್ನೂ ಆರಿರಲಿಲ್ಲ, ಆದರೆ ಗಾಡಿ ಎಳೆಯುತ್ತಿತ್ತು.

ನಾನು ಇಳಿಯುವಷ್ಟರಲ್ಲಿ ಅಕ್ಕ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನನ್ನ ಬಾಯಿಗೆ ಹಿಡಿದಿದ್ದಳು.

"ಹೇಳು ನಿಮ್ ಭಾವಂಗೆ."

ಭಾವನೇ ಮೊದಲು ಶುರುಮಾಡಿದರು. "ನಿಂತಿತಂತಲ್ಲ? ನಾನು ಹೇಳ್ಲಿಲ್ವಾ? ಫೋನ್ ನೋಡ್ಕಂಡು ಆಯಿಲ್ ತರ್ಸಾಳು..."

"ಭಾವ, ಆ ಆಯಿಲ್ ನಾನು ಹಾಕೇ ಇರ್ಲಿಲ್ಲ. ಮುಚ್ಚಿಟ್ಟು ನನ್ ಡ್ರಮ್ಮಿಂದು ಹಾಕಿದ್ದೆ. ಅದಕ್ಕೇ ನಿಂತಿದ್ದು. ಅಕ್ಕ ತಂದಿದ್ದೇ ಸರಿಯಾದ ಆಯಿಲ್ಲು."

ಭಾವ ದನಿ ಇಳಿಸಿದರು. "ಯಾಕೋ ಹಂಗ್ ಮಾಡ್ದೆ?" ಎಂದರು.

ಅಕ್ಕನ ಒಳ್ಳೆಯದಕ್ಕೆ ಎನ್ನಬಹುದಿತ್ತು. ಅಷ್ಟು ದಿನ ನಾನೇ ನಂಬಿಕೊಂಡಿದ್ದ ಮಾತು ಅದು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಲ್ರೂ ಅದನ್ನೇ ತರ್ತಾ ಇದ್ರು ಭಾವ. ನನ್ ಆಯಿಲ್ ಯಾರಿಗೂ ಬೇಡಾಗಿತ್ತು. ಅಕ್ಕನೂ ತಂದಾಗ ಹೊಟ್ಟೆ ಉರೀತು."

ಅಕ್ಕ ಫೋನನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು. "ಕೇಳಿದ್ರಲ್ಲ? ಗಾಡಿ ಮಾರಲ್ಲ. ನಾಳೆ ಬೆಳಗ್ಗೆ ಮೇಷ್ಟ್ರುಗಳು ಕಾಯ್ತಿರ್ತಾರೆ" ಎಂದು ಫೋನ್ ಕಟ್ ಮಾಡಿದಳು.

ಆಮೇಲೆ ವ್ಯಾನ್ ಹತ್ತಿ ಕನ್ನಡಿ ಸರಿಮಾಡಿಕೊಂಡಳು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನಮ್ಮ ಅಕ್ಕ ಎಷ್ಟೇ ಸಿಟ್ಟಿನಲ್ಲಿದ್ದರೂ ಹೊರಡುವಾಗ "ಬರ್ತೀನಿ" ಎನ್ನದೆ ಹೋದವಳಲ್ಲ. ಅಂದು ಗೇರ್ ಹಾಕಿದಳು, ರಸ್ತೆಯ ಎರಡೂ ಕಡೆ ನೋಡಿದಳು, ಹೋದಳು.