ಒಂದು ಗೆರೆ, ಮೂರು ಕಸುಬು

ಪಕ್ಕದ ಮನೆಯ ಹುಡುಗಿ ಬೆಳಿಗ್ಗೆಯೇ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಚಪ್ಪಲಿ ಹುಡುಕತೊಡಗಿದೆ. "ಶುರುವಾಯ್ತಾ? ಕೂತ್ರೆ ಕುರ್ಚಿ ಕಚ್ಚುತ್ತಾ ನಿಮ್ಗೆ?" ಎಂದಳು ಹೆಂಡತಿ. ಬಂಗಾರಪೇಟೆಯಲ್ಲಿ ನನ್ನ ನಡಿಗೆ ಹೆಸರುವಾಸಿ. ಸಕ್ಕರೆ ಕಾಯಿಲೆಗೆ ಹೆದರಿ ನಡೆಯುತ್ತೇನೆಂದು ಊರು ತಿಳಿದಿದೆ. ಹೆಂಡತಿಯೂ ಹಾಗೇ ತಿಳಿದಿದ್ದಾಳೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಪುರಸಭೆಯಲ್ಲಿ ನನ್ನ ಕೆಲಸವೇ ನಡೆಯುವುದಾಗಿತ್ತು. ದಿನಾ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿ, ಅಂಗಡಿ ಅಂಗಡಿ ಹತ್ತಿಳಿದು ಲೈಸೆನ್ಸ್ ಅರ್ಜಿ ತುಂಬಿಕೊಂಡು ಬರಬೇಕು. ಅರ್ಜಿಯಲ್ಲಿ 'ಕಸುಬು' ಎಂಬುದರ ಮುಂದೆ ಒಂದೇ ಒಂದು ಗೆರೆ. ಆ ಗೆರೆ ಎಳೆದ ಪುಣ್ಯಾತ್ಮ ನಮ್ಮ ಪೇಟೆಗೆ ಕಾಲಿಟ್ಟವನಲ್ಲ. ಅಲ್ಲಿ ಸೈಕಲ್ ಬಾಡಿಗೆಗೆ ಕೊಡುವವನೇ ಮದುವೆಗೆ ಪೆಟ್ರೋಮ್ಯಾಕ್ಸ್ ದೀಪ ಕೊಡುತ್ತಿದ್ದ. ಫೋಟೋ ಸ್ಟುಡಿಯೋದವನು ಡಿಸೆಂಬರ್ ಬಂತೆಂದರೆ ಕೇಕ್ ಮಾರುತ್ತಿದ್ದ. ಕ್ಷೌರದಂಗಡಿಯ ಜಗಲಿಯಲ್ಲಿ ಕಾಮಸಮುದ್ರದ ಬಸ್ಸಿನಿಂದ ಇಳಿದ ಟೊಮೇಟೊ ರಾಶಿ. ಗಿರಾಕಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಬೆಲೆ, ತೆಲುಗಿನಲ್ಲಿ ಚೌಕಾಸಿ. ಪಕ್ಕದ ಚಿನ್ನದ ಗಣಿಯ ಸೈರನ್ ಕೂಗಿದರೆ, ಪಾಳಿ ಮುಗಿಸಿದವರು ಬರುತ್ತಾರೆಂದು ಅರ್ಧ ಪೇಟೆ ತನ್ನ ಸರಕು ಬದಲಿಸುತ್ತಿತ್ತು. ಗಣಿ ಇವತ್ತು ಮುಚ್ಚುತ್ತೆ, ನಾಳೆ ಮುಚ್ಚುತ್ತೆ ಅನ್ನುವ ಮಾತು ಆಗಲೇ ಹಳೆಯದು. ಒಂದೇ ಕಸುಬಿನ ಮೇಲೆ ಯಾರಿಗೂ ಭರವಸೆಯಿರಲಿಲ್ಲ.

ಸೆಲ್ವಮ್ಮನ ಅಂಗಡಿ ಒಂದು ಜವಳಿ ಅಂಗಡಿಯ ಮೆಟ್ಟಿಲ ಕೆಳಗೆ. ಬಗ್ಗಿ ಹೋಗಬೇಕು, ಬಗ್ಗಿಯೇ ಬರಬೇಕು. ಮರೆತು ನಾನು ಎರಡು ಸಲ ತಲೆ ಚಚ್ಚಿಸಿಕೊಂಡಿದ್ದೇನೆ. ಬೆಳಿಗ್ಗೆ ಅಲ್ಲಿ ಇಡ್ಲಿ. ಒಂಬತ್ತಕ್ಕೆ ಅದೇ ಹಲಗೆ ಒರೆಸಿ ಹೊಲಿಗೆ ಯಂತ್ರ ಇಟ್ಟರೆ ರವಿಕೆ, ಸೀರೆ ಫಾಲ್. ಸಂಜೆ ಅದೇ ಹಲಗೆಯ ಮೇಲೆ ಮಲ್ಲಿಗೆ, ಕನಕಾಂಬರ. ಇಡ್ಲಿಗೆ ಯಂತ್ರದೆಣ್ಣೆಯ ವಾಸನೆ, ಮಲ್ಲಿಗೆಗೆ ಸಾಂಬಾರಿನ ವಾಸನೆ; ಯಾರೂ ದೂರಿದ್ದಿಲ್ಲ. ಅವಳ ಗಂಡ ಗಣಿಯೊಳಗೆ ವರ್ಷಗಟ್ಟಲೆ ದುಡಿದು, ಎದೆಗೆ ಧೂಳು ಕಟ್ಟಿ, ಮನೆಯಲ್ಲಿ ಕೆಮ್ಮುತ್ತಾ ಮಲಗಿದ್ದ.

"ಯಾವ ಕಸುಬು ಬರೀಲಿ?" ಅಂದೆ.

"ಎಲ್ಲಾ ಬರ್ಕೊ ಸಾಮಿ. ಮೂರೂ ಸೇರುದ್ರೇನೆ ಮನೇಲಿ ಒಲೆ ಉರಿಯೋದು."

"ಒಂದೇ ಬರೀಬೇಕಮ್ಮ."

"ನಮ್ ಮನುಷ್ಯ ಒಂದೇ ಕಸುಬು ನಂಬ್ಕೊಂಡಿದ್ದ. ಓಗಿ ನೋಡು, ಎಂಗವ್ನೆ ಅಂತ."

ಆ ಮಾತು ಕೇಳಿಸಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ, ಬಸ್ಸಿನ ಹೊತ್ತಾಗಿತ್ತು. 'ಹೂವಿನ ವ್ಯಾಪಾರ' ಎಂದು ಗೀಚಿದೆ. ಹೂವಿಗೆ ತಪಾಸಣೆಯ ಕಾಟವಿಲ್ಲ, ಉಪಕಾರ ಮಾಡಿದೆ ಎಂದು ಒಳಗೊಳಗೇ ಬೀಗಿದೆ ಕೂಡ. ಅವಳಿಗೆ ಕನ್ನಡ ಓದಲು ಬಾರದು. ಏನು ಬರೆದೆನೆಂದು ನಾನು ಓದಿ ಹೇಳಲೂ ಇಲ್ಲ. ತಮಿಳಿನಲ್ಲಿ ಸಹಿ ಹಾಕಿ, ಬೆಳಿಗ್ಗೆ ಉಳಿದಿದ್ದ ಎರಡು ಇಡ್ಲಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಕೂತು ತಿಂದೆ.

ತಿಂಗಳೊಳಗೆ ಅಂಗಡಿಗಳ ತಪಾಸಣೆಗೆ ಹೊಸ ಇನ್‌ಸ್ಪೆಕ್ಟರು ಬಂದ. ಕಾಗದದಲ್ಲಿ ಹೂವು, ಹಲಗೆಯ ಮೇಲೆ ಇಡ್ಲಿ. ಒಲೆಯನ್ನೂ ಯಂತ್ರವನ್ನೂ ಎತ್ತಿಸಿದ. ಸೆಲ್ವಮ್ಮ ಕಾಗದ ಹಿಡಿದು ನಮ್ಮ ಆಫೀಸಿಗೆ ಬಂದಳು. "ಇದು ನಾನೇಳಿದ್ದಲ್ಲ. ಈ ಸಾಮಿನ್ನೇ ಕೇಳಿ" ಎಂದು ನನ್ನತ್ತ ಕೈ ತೋರಿಸಿದಳು. ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಅವಳು ಹೇಳಿದ್ದನ್ನೇ ಬರೆದೆ ಸಾರ್" ಅಂದೆ.

ಸೆಲ್ವಮ್ಮ ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಬರೀ ಹೂವು ಮಾರಿದರೆ ಜಾಗದ ಬಾಡಿಗೆಯೂ ಹುಟ್ಟಲಿಲ್ಲ. ದೀಪಾವಳಿಗೆ ಮುಂಚೆಯೇ ಮೆಟ್ಟಿಲ ಕೆಳಗೆ ಜವಳಿಯವನ ಖಾಲಿ ಡಬ್ಬಗಳು ಬಂದು ಕೂತವು. ನಾನು ಆ ಬೀದಿಯನ್ನೇ ಬಿಟ್ಟೆ. ಸುತ್ತು ಹಾಕಿ ಹೋಗುವುದು ಅಭ್ಯಾಸವಾಯಿತು, ಅಭ್ಯಾಸ ಹೋಗಿ ಚಟವಾಯಿತು. ಜನ ಅದನ್ನು ಆರೋಗ್ಯ ಎಂದರು.

ಮೂರು ನಾಲ್ಕು ವರ್ಷದ ಮೇಲೆ ಒಂದು ಬೆಳಿಗ್ಗೆ ಬಸ್ಸು ತಪ್ಪಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಬಾಗಿಲ ಬಳಿ ನೆಲದ ಮೇಲೆ ಸೆಲ್ವಮ್ಮ ಕೂತಿದ್ದಳು. ಒಂದು ಕಡೆ ಇಡ್ಲಿ ಡಬರಿ, ಇನ್ನೊಂದು ಕಡೆ ಹೂವಿನ ಬುಟ್ಟಿ, ಮಡಿಲಲ್ಲಿ ಯಾರದೋ ರವಿಕೆ. ಅದಕ್ಕೆ ಹುಕ್ಕು ಹಾಕುತ್ತಿದ್ದಳು. ನನಗೆಷ್ಟು ಖುಷಿಯಾಯಿತೆಂದರೆ, ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೇಬಿಟ್ಟೆ. ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ಸರಕ್ಕನೆ ಸೆರಗೆಳೆದು ಡಬರಿ ಮುಚ್ಚಿದಳು, ರವಿಕೆಯನ್ನು ಕಾಲಡಿ ತುರುಕಿದಳು. ಬುಟ್ಟಿಯೊಂದನ್ನೇ ಮುಂದೆ ತಳ್ಳಿದಳು.

"ಬರೀ ಪೂವು ಸಾಮಿ. ಬೇರೆ ಏನೂ ಇಲ್ಲ. ನೀನು ಬರ್ದಂಗೇ ಇದೀನಿ."

ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಉಳಿದ ದೂರ ನಡೆದೆ. ಆಮೇಲೆ ಅವಳನ್ನು ನೋಡಲಿಲ್ಲ.

ಇವತ್ತು ಬಾಗಿಲಲ್ಲಿ ನಿಂತವನು "ಅವಳು ಹೇಳಿದ್ದಲ್ಲ ಸಾರ್, ನಾನೇ ಬರೆದದ್ದು" ಅಂದೆ. ಜೋರಾಗಿಯೇ ಅಂದಿರಬೇಕು. "ಯಾರ್ ಹತ್ರ ಮಾತಾಡ್ತಿದ್ದೀರ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. ಯಾರೂ ಇಲ್ಲ ಎನ್ನಲು ಬಾಯಿ ಹೊರಟಿತು. ಅದಕ್ಕೆ ಸುಳ್ಳು ರೂಢಿ. ಅಡುಗೆಮನೆಗೆ ಹೋಗಿ ಅವಳ ಮುಂದೆ ಮಣೆ ಎಳೆದು ಕೂತೆ.

"ಒಂದು ವಿಷಯ ಹೇಳ್ಬೇಕು. ನಾನು ಮಧ್ಯೆ ಎದ್ದು ಹೋದ್ರೆ ಹಿಡ್ಕೊ" ಅಂದೆ.