ಸೋಲುವ ಸಾಲುಗಳನ್ನು ಓದುತ್ತಿದ್ದ ಸರ್ವಮಂಗಳಾ ಮೇಡಂ

ಸರ್ವಮಂಗಳಾ ಮೇಡಂ ಯಾರ ಕೋಡ್ ಪರಿಶೀಲಿಸುವುದಿದ್ದರೂ ಮೊದಲು ಪ್ರಿಂಟ್ ತೆಗೆಯುತ್ತಿದ್ದರು. ಆಮೇಲೆ ಸರಿಯಾಗಿ ನಡೆಯುವ ಸಾಲುಗಳನ್ನು ಎಡಗೈಯಿಂದ ಮುಚ್ಚಿಕೊಂಡು, ಕೆಟ್ಟರೆ ಏನಾಗುತ್ತದೆ ಎಂಬ ಸಾಲುಗಳನ್ನಷ್ಟೇ ಓದುತ್ತಿದ್ದರು. “ನೆಟ್ಟಗೆ ನಡೆಯೋದನ್ನ ಮಷಿನ್ನೇ ಓದ್ಕೊಳುತ್ತೆ ಕಣೇ. ನಾವು ಓದ್ಬೇಕಾದ್ದು ಇದನ್ನ.”

ಶಂಕರಪುರಂನ ಹಳೆಯ ಮನೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಆಸ್ಪತ್ರೆಗಳಲ್ಲಿ ರಕ್ತ ಇಡುವ ಫ್ರಿಜ್ಜುಗಳ ಉಷ್ಣಾಂಶ ಅಳೆದು, ಏರುಪೇರಾದರೆ ಕೂಗಿಕೊಳ್ಳುವ ಸಣ್ಣ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದೆವು. ಮೇಡಂ ಎಲ್ಲರಿಗಿಂತ ಹಿರಿಯರು, ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದ ಮನೆತನದವರು. ಹಣೆಗೆ ವಿಭೂತಿ, ಕೈಯಲ್ಲಿ ಕೆಂಪು ಪೆನ್ನು. ನಾನು ಕಾಫಿ ತರಲು ಹೊರಟರೂ ಬಿಡುತ್ತಿರಲಿಲ್ಲ: “ಕಾಫಿ ಇಲ್ದಿದ್ರೆ ಟೀ. ಅದೂ ಇಲ್ದಿದ್ರೆ ಬರಿಗೈಲಿ ಬಂದು ಇಲ್ಲ ಅಂತ ಹೇಳು. ಬಾದಾಮಿ ಹಾಲು ತಂದು ಸುಮ್ನೆ ಮುಂದಿಡ್ಬೇಡ.”

ಪೆಟ್ಟಿಗೆಯೊಳಗೆ ಉಷ್ಣಾಂಶ ಅಳೆಯುವ ಸೆನ್ಸರ್ ಜೊತೆ ನೇರವಾಗಿ ವ್ಯವಹರಿಸುವ ಕೋಡಿನ ಭಾಗ, ನಮ್ಮ ಭಾಷೆಯಲ್ಲಿ ಲೈಬ್ರರಿ, ಅವರೇ ಬರೆದದ್ದು. ಹಳತಾಗಿದ್ದ ಅದನ್ನು ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಉತ್ಸಾಹದಲ್ಲಿ ನಾನು ಹತ್ತಾರು ಬಗೆಯ ದೋಷಗಳನ್ನು ‘ವಿಫಲ’ ಎಂಬ ಒಂದೇ ಉತ್ತರಕ್ಕೆ ಇಳಿಸಿಬಿಟ್ಟೆ. ಮೇಡಂ ಹಾಳೆ ಹಿಡಿದು ಬಂದರು.

“ವೈರ್ ಕಿತ್ತೋದ್ರೆ ಏನ್ ಹೇಳುತ್ತೆ?”

“ವಿಫಲ.”

“ಸೆನ್ಸರ್ ಇನ್ನೂ ರೆಡಿ ಇಲ್ಲ ಅಂದ್ರೆ?”

“ಅದಕ್ಕೂ ವಿಫಲ, ಮೇಡಂ.”

“ಹಂಗಾದ್ರೆ ಕೇಳ್ದೋರು ಕಾಯ್ಬೇಕೋ, ವೈರ್ ಹಾಕ್ಬೇಕೋ? ಹೊಟ್ಟೆನೋವಿಗೂ ಕಾಲುನೋವಿಗೂ ಬರೀ ಅಯ್ಯೋ ಅಂದ್ರೆ ಡಾಕ್ಟ್ರು ಏನ್ ಮಾಡ್ತಾರೆ?”

ತೆಗೆದಿದ್ದನ್ನೆಲ್ಲ ಮತ್ತೆ ಸೇರಿಸಿದೆ.

ಇಷ್ಟು ಕಟ್ಟುನಿಟ್ಟಿನವರ ಕೋಡಿನಲ್ಲೇ ನನಗೆ ಅದು ಸಿಕ್ಕಿತು. ಆ ದೋಷಗಳನ್ನೆಲ್ಲ ಅದು ಹೇಳುತ್ತಿದ್ದದ್ದು ಪೆಟ್ಟಿಗೆ ಆನ್ ಆಗುವಾಗ ಮಾತ್ರ; ಒಮ್ಮೆ ಓದಲು ಶುರುವಾದ ಮೇಲೆ ಸೆನ್ಸರ್ ಉತ್ತರ ಕೊಡದಿದ್ದರೆ ದೋಷವೆಂದು ಹೇಳುವ ಬದಲು, ಹಿಂದಿನ ಸಲ ಓದಿದ ಅಂಕಿಯನ್ನೇ ಅದು ಮತ್ತೆ ತೋರಿಸುತ್ತಿತ್ತು. ನಾನೇ ತಪ್ಪು ತಿಳಿದಿದ್ದೇನೆಂದು ಮತ್ತೆ ಮತ್ತೆ ಓದಿದೆ. ಮೇಡಂ ಅವರನ್ನು ಕೇಳಿದರೆ, “ಅದೊಂದು ಇರ್ಲಿ ಬಿಡು,” ಎಂದು ಎದ್ದುಹೋದರು. ಅವರ ಬಾಯಲ್ಲಿ ಆ ಮಾತು! ನನಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಫ್ರಿಜ್ಜಿಗೆ ಜೋಡಿಸಿದ್ದ ಪೆಟ್ಟಿಗೆಯ ಸೆನ್ಸರ್ ವೈರ್ ಕಿತ್ತು, ಬಾಗಿಲು ತೆರೆದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ಮೊಸರು ಬೆಚ್ಚಗಾಗಿತ್ತು. ಪೆಟ್ಟಿಗೆ ಮಾತ್ರ ನಾಲ್ಕು ಡಿಗ್ರಿ ತೋರಿಸುತ್ತಲೇ ಇತ್ತು. ಮೇಡಂ ಬಂದು ಮೊಸರಿನ ಪಾತ್ರೆ ಮುಟ್ಟಿ ನೋಡಿದರು.

“ಮೊದ್ಲು ಸೆನ್ಸರ್ ಒಂದೊಂದ್ಸಲ ಉತ್ತರ ಕೊಡೋದು ತಪ್ಪಿಸ್ತಿತ್ತು,” ಎಂದರು. “ಸುಮ್‌ಸುಮ್ನೆ ಹೊಡ್ಕೊಳುತ್ತೆ ಅಂತ ನರ್ಸ್‌ಗಳು ಅಲಾರಂನೇ ಆಫ್ ಮಾಡಿಡ್ತಿದ್ರು. ಅದಕ್ಕೆ ಹಿಂಗ್ ಮಾಡ್ದೆ. ಎಷ್ಟು ಸಲದವರೆಗೆ ಹಳೇ ಅಂಕಿ ತೋರಿಸ್ಬೇಕು ಅಂತ ಬರೀಬೇಕಿತ್ತು. ಬರೀಲಿಲ್ಲ.”

ಸದ್ದಿಲ್ಲದೆ ಸರಿಪಡಿಸೋಣ ಎಂದರು ಮಾಲೀಕರು. ಮೇಡಂ ಒಪ್ಪಲಿಲ್ಲ, ಪ್ರತಿ ಆಸ್ಪತ್ರೆಗೂ ತಾವೇ ಹೋಗಿ ತಪ್ಪು ಒಪ್ಪಿಕೊಂಡು, ನಾನು ಬರೆದ ಹೊಸ ಕೋಡ್ ಹಾಕಿಸಿ ಬಂದರು. ಎಲ್ಲಾದರೂ ರಕ್ತ ಕೆಟ್ಟಿತ್ತೇ? ಹೇಳುವವರಿರಲಿಲ್ಲ. ಹಳೆಯ ಅಂಕಿಗಳನ್ನೆಲ್ಲ ದಾಖಲಿಸಿದ್ದು ಅದೇ ಪೆಟ್ಟಿಗೆಗಳಲ್ಲವೇ? ಆ ತಿಂಗಳೇ ಅವರು ರಾಜೀನಾಮೆ ಕೊಟ್ಟರು. ಅವರು ಅಲಾರಂ ಉಳಿಸಿದರೋ ಕೆಡಿಸಿದರೋ, ನಾನು ಅವರಿಗೆ ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ಬಗೆಹರಿದಿಲ್ಲ.

ಕೊನೆಯ ದಿನ ಗೇಟಿನ ಬಳಿ ಇಬ್ಬರೂ ಆಟೋಗೆ ಕಾಯುತ್ತಿದ್ದೆವು.

“ಎಷ್ಟು ಸಲ ತಪ್ಪಿದ್ರೆ ಅಲಾರಂ ಹೊಡ್ಯೋ ಹಾಗೆ ಬರ್ದೆ?”

“ಮೂರು, ಮೇಡಂ.”

“ಮೂರೇ ಯಾಕೆ?”

ಎರಡು ಕಡಿಮೆ ಅನ್ನಿಸಿತ್ತು, ನಾಲ್ಕು ಜಾಸ್ತಿ ಅನ್ನಿಸಿತ್ತು. ಅದಕ್ಕಿಂತ ಬೇರೆ ಕಾರಣವಿರಲಿಲ್ಲ.

“ಗೊತ್ತಿಲ್ಲ ಮೇಡಂ.”

“ನಂಗೂ ಗೊತ್ತಾಗ್ಲಿಲ್ಲ ಕಣೇ ಆವತ್ತು,” ಎಂದು ಅವರು ಆಟೋ ಹತ್ತಿದರು.