ಮೆಟ್ಟಿಲ ಮೇಲಿನ ಸಂಸಾರ

ಮೂರನೇ ಮಹಡಿಯ ಕೊನೆಯ ಕೋಣೆಯ ಗಂಡ ಹೆಂಡತಿಗೆ ಮಾತುಕತೆ ನಿಂತುಹೋಗಿದೆ ಎಂದೇ ಕಟ್ಟಡದಲ್ಲಿ ಎಲ್ಲರೂ ನಂಬಿದ್ದೆವು. ಅವರನ್ನು ಒಟ್ಟಿಗೆ ಕಂಡವರಿರಲಿಲ್ಲ. ಕಂಡರೂ ಮೆಟ್ಟಿಲ ಮೇಲೆ. ಬೆಳಗ್ಗೆ ಆತ ಹತ್ತುವನು, ಆಕೆ ಇಳಿಯುವಳು. ನಡುವೆ ಬೀಗದ ಕೈ ಒಂದು ಕೈಯಿಂದ ಇನ್ನೊಂದಕ್ಕೆ ದಾಟುವುದು, ಎರಡು ಮಾತು, ಮುಗಿಯಿತು. ಸಂಜೆ ಅದೇ ಆಟ ತಿರುವುಮುರುವು.

ಇದನ್ನು ಸರಿಪಡಿಸಲು ಹೊರಟವರು ಬಾಡಿಗೆದಾರರ ಸಂಘದ ಅಧ್ಯಕ್ಷರು. ಅವರನ್ನು ಆರಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಊರು ಬಿಟ್ಟು ಇಷ್ಟು ದೂರ ದುಡಿಯಲು ಬಂದವರಿಗೆ ಒಬ್ಬ ಹಿರಿಯ ಬೇಕೆಂದು ಅವರಿಗೇ ಅನಿಸಿತ್ತು. ಒಂದು ಸಂಜೆ ಆಕೆಯನ್ನು ತಡೆದು, ಗಂಟಲು ಸರಿಮಾಡಿಕೊಂಡು ಹೇಳಿದರು.

"ನೋಡಮ್ಮ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ."

"ಉಂಡು ಮಲಗಕ್ಕೇ ಒಟ್ಟಿಗೆ ಆಗಲ್ಲ ಅಧ್ಯಕ್ಷರೇ, ಇನ್ನು ಜಗಳ ಯಾವಾಗ ಆಡೋಣ?" ಎಂದು ಆಕೆ ಹತ್ತಿಹೋದಳು.

ಸಂಗತಿ ಇಷ್ಟೇ. ಆಕೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲೆಲ್ಲ ಹಾಸಿಗೆ ಚಾದರಗಳಿಗೆ ಇಸ್ತ್ರಿ ಹಾಕುವವಳು. ಹಾಗಾಗಿ ಕಟ್ಟಡದವರಿಗೆಲ್ಲ ಇಸ್ತ್ರಿಯಕ್ಕ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಮೇಸ್ತ್ರಿ. ಊರು ಮಲಗಿದಾಗ ಅವನ ಹಿಟ್ಟು ಏಳುತ್ತದೆ. ಮಂಚ ಒಂದೇ, ಆದರೆ ಅದಕ್ಕೆ ಎರಡು ಪಾಳಿ. ಆಕೆ ಅವನ ಪಾಲಿನ ಊಟದ ಮೇಲೆ ತಟ್ಟೆ ಬೋರಲು ಹಾಕಿ ಹೋಗುವಳು. ಅವನು ತಿಂದು, ತೊಳೆದು, ಆಕೆಯ ಪಾಲನ್ನು ಹಾಗೇ ಮುಚ್ಚಿಟ್ಟು ಹೋಗುವನು. ಮದುವೆಯಾಗಿ ವರ್ಷಗಳು ಕಳೆದರೂ ಗಂಡ ಊಟ ಮಾಡಿದ್ದು ಆಕೆಗೆ ತಿಳಿಯುತ್ತಿದ್ದುದು ಖಾಲಿ ಪಾತ್ರೆಯಿಂದ.

ಇನ್ನೊಂದು ಕೀ ಮಾಡಿಸಬಾರದೇ ಎಂದು ಪಕ್ಕದ ಮನೆಯವಳು ಕೇಳಿದ್ದಳು. "ಮಾಡಿಸಿದ್ರೆ ಆ ಎರಡು ಮಾತೂ ಹೋಗತ್ತೆ ಕಣೇ" ಎಂದಿದ್ದಳು ಇಸ್ತ್ರಿಯಕ್ಕ.

ರಂಜಾನ್ ಬಂತೆಂದರೆ ಅದೂ ಇಲ್ಲ. ತಿಂಗಳಿಡೀ ಬೇಕರಿಯ ಒಲೆ ಆರುವುದಿಲ್ಲ, ಮೇಸ್ತ್ರಿ ಅಲ್ಲೇ ಹಿಟ್ಟಿನ ಚೀಲಗಳ ಪಕ್ಕ ಚಾಪೆ ಹಾಸುತ್ತಾನೆ, ಬೀಗದ ಕೈ ಆಕೆಯ ಚೀಲದಲ್ಲೇ ಉಳಿಯುತ್ತದೆ. ಅದಕ್ಕೇ ಈ ಸಲ ರಂಜಾನ್ ಶುರುವಾಗುವ ಮೊದಲು ಸಿಕ್ಕ ಎರಡು ದಿನದ ರಜೆಗೆ ಸಮುದ್ರದ ಊರಲ್ಲಿ ಕೋಣೆ ಹಿಡಿಯೋಣ ಎಂದು ಆಕೆಯೇ ಹಟ ಹಿಡಿದಳು. ಅವಳಿಗೆ ಸಮುದ್ರದ ಚಿಂತೆಯಿರಲಿಲ್ಲ. ಒಂದು ಹೊತ್ತು, ಇಬ್ಬರೂ ಎಚ್ಚರವಾಗಿದ್ದು, ಎದುರುಬದುರು ಕೂತು ಉಣ್ಣಬೇಕು. ಬೇಡಿಕೆ ಅಷ್ಟೇ.

ಕೋಣೆ ಸೇರಿದ್ದು ಮಧ್ಯಾಹ್ನ. ಬಾಲ್ಕನಿಯಲ್ಲಿ ಎರಡು ಕುರ್ಚಿ, ಮುಂದೆ ಸಮುದ್ರ. ಆಕೆ ಮುಖ ತೊಳೆದು ಬರುವಷ್ಟರಲ್ಲಿ ಮೇಸ್ತ್ರಿ ಮಂಚದ ಮೇಲೆ ಕಡಿದಿಟ್ಟ ಬಾಳೆಗಿಡದಂತೆ ಬಿದ್ದಿದ್ದ. ತಪ್ಪು ಅವನದಲ್ಲ, ಅದು ಅವನ ರಾತ್ರಿ. ಆಕೆ ಮರಳಲ್ಲಿ ಒಬ್ಬಳೇ ಓಡಾಡಿ, ಊಟ ಕಟ್ಟಿಸಿಕೊಂಡು ಬಂದು, ಎಬ್ಬಿಸಿ ನೋಡಿದಳು.

"ರೀ, ಊಟ."

"ಹೂಂ, ಮುಚ್ಚಿಡು" ಎಂದು ಮಗ್ಗುಲಾದ.

ಮುಚ್ಚಿಟ್ಟಳು. ಕಾದು ಕಾದು ತಾನೂ ಮಲಗಿದಳು. ಬೆಳಗ್ಗೆ ಏಳುವಾಗ ಪೊಟ್ಟಣ ಖಾಲಿ, ತಟ್ಟೆ ತೊಳೆದು ಒರಗಿಸಿದೆ, ಮೇಸ್ತ್ರಿ ಇಲ್ಲ. ರಜೆಯ ಅರ್ಧ ಹೀಗೆ ಕೈತಪ್ಪಿ ಹೋಗಿತ್ತು, ಸಂಜೆಗೆ ವಾಪಸು ಬಸ್ಸು.

ಅವನನ್ನು ಹುಡುಕಲೆಂದೇ ಆಕೆ ಹೊರಟಳು. ಆದರೆ ಕಣ್ಣಿನ್ನೂ ಪೂರ್ತಿ ತೆರೆದಿರಲಿಲ್ಲ. ಕೈಚೀಲ ತಾನಾಗಿ ಹೆಗಲೇರಿತು, ಬಾಗಿಲಿಗೆ ಬೀಗ ಬಿತ್ತು. ಮೆಟ್ಟಿಲಲ್ಲಿ ಮೇಸ್ತ್ರಿ ಒಂದು ಪೊಟ್ಟಣ ಹಿಡಿದು ಹತ್ತಿ ಬರುತ್ತಿದ್ದ. ಆಕೆ ಬೀಗದ ಕೈ ಕೊಟ್ಟಳು.

"ಅನ್ನ ಮುಚ್ಚಿಟ್ಟಿದ್ದೀನಿ, ತಿಂದು ಮಲಗಿ."

"ಹೂಂ. ಹುಷಾರಾಗಿ ಹೋಗು."

ಅವನು ಹತ್ತಿದ, ಆಕೆ ಇಳಿದಳು. ಕೆಳಗೆ ಹೋಟೆಲಿನ ಬಾಗಿಲು ದೂಡಿದರೆ, ದಿನಾ ಆಕೆಯನ್ನು ಕೆಲಸಕ್ಕೆ ಕರೆದೊಯ್ಯುವ ಆಸ್ಪತ್ರೆಯ ವ್ಯಾನು ನಿಲ್ಲಬೇಕಾದ ಜಾಗದಲ್ಲಿ ಸಮುದ್ರ ನಿಂತಿತ್ತು.

ಆಕೆ ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ತಿರುಗಿ ಸರಸರನೆ ಹತ್ತಿದಳು. ಅರ್ಧ ದಾರಿಯಲ್ಲಿ ಮೇಸ್ತ್ರಿ ಪೊಟ್ಟಣ ಹಿಡಿದೇ ಇಳಿದು ಬರುತ್ತಿದ್ದ, ಮುಖ ಪೆಚ್ಚಾಗಿತ್ತು.

"ಅನ್ನ ಎಲ್ಲೇ?"

"ವ್ಯಾನ್ ಎಲ್ರೀ?"

ಆಕೆಗೆ ಮೊದಲು ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರು ಬರುವ ಹಾಗಾಯಿತು, ಎರಡನ್ನೂ ನುಂಗಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಕೂತ್ಕೊಳ್ಳಿ."

"ಇಲ್ಲೇನಾ? ಮೇಲೆ ಬಾಲ್ಕನಿಗೆ ಅಂತ ಜಾಸ್ತಿ ಬಾಡಿಗೆ ಕೊಟ್ಟಿದ್ದೀವಲ್ಲೇ."

"ಬಾಲ್ಕನಿಗೆ ಹೋಗ್ಬೇಕಾದ್ರೆ ಮಂಚ ದಾಟ್ಬೇಕು. ಮಂಚ ಕಂಡ್ರೆ ನೀವು ಬಿದ್ರಿ ಅಂತಾನೇ ಲೆಕ್ಕ. ಕೂತ್ಕೊಳ್ಳಿ."

ಕೂತ. ಪೊಟ್ಟಣದಲ್ಲಿ ಬನ್ನು, ಕಟ್ಟಿಸಿಕೊಂಡು ತಂದ ಚಹಾ, ಎರಡು ಕಾಗದದ ಲೋಟ. ಬನ್ನು ಮುರಿದು, ಮೂಸಿ, "ಸೋಡಾ ಜಾಸ್ತಿ. ಹಿಟ್ಟಿಗೆ ನಿದ್ದೆ ಸಾಕಾಗಿಲ್ಲ" ಎಂದ.

"ಹಿಟ್ಟಿನ ನಿದ್ದೆ ವಿಚಾರಿಸ್ತೀರಿ, ಹೆಂಡ್ತೀದು ಬೇಡ."

"ನೀನು ಗೊರಕೆ ಹೊಡೀತೀಯ. ರಾತ್ರಿ ಗೊತ್ತಾಯ್ತು."

"ಇಷ್ಟು ವರ್ಷಕ್ಕೆ ಗೊತ್ತಾಯ್ತಾ?"

"ಯಾವಾಗ ಕೇಳಿದ್ದೆ ನಾನು?"

ಅವನು ಬನ್ನಿನ ಅಂಚನ್ನೆಲ್ಲ ಮೊದಲು ತಿಂದು ನಡುವಿನ ಮೆತ್ತನೆಯದನ್ನು ಕೊನೆಗೆ ಉಳಿಸಿಕೊಳ್ಳುತ್ತಾನೆ ಎಂಬುದು ಆಕೆಗೆ ಅಂದು ತಿಳಿಯಿತು. ಹೊಸ ಗಂಡನನ್ನು ನೋಡುವಂತೆ ನೋಡಿದಳು. ಹತ್ತಿಳಿಯುವವರು ಅವರನ್ನು ಬಳಸಿಕೊಂಡು ಹೋದರು. ಹೋಟೆಲಿನ ಗುಮಾಸ್ತ ಕೀ ಕಳೆದಿದೆಯೇ ಎಂದು ವಿಚಾರಿಸಿ, ಅದು ಮೇಸ್ತ್ರಿಯ ಕೈಯಲ್ಲೇ ಇರುವುದು ಕಂಡು ತಲೆ ಕೆರೆದುಕೊಂಡು ಹೋದ. ಚಹಾ ಆರಿತು. ಯಾರಿಗೂ ಏಳುವ ಅವಸರವಿರಲಿಲ್ಲ.

ಮಾರನೆಯ ಸಂಜೆ ಆಕೆ ಕೆಲಸದಿಂದ ಬರುವಾಗ ಅಧ್ಯಕ್ಷರು ಕೆಳಗೇ ಕಾದಿದ್ದರು. ಸಂಸಾರ ಸರಿಹೋದದ್ದು ತಮ್ಮ ಹಿತವಚನದಿಂದ ಎಂದು ಅವರು ಆಗಲೇ ಒಂದೆರಡು ಮನೆಗಳಲ್ಲಿ ಹೇಳಿಯೂ ಬಂದಿದ್ದರು. ಸಮುದ್ರ ಹೇಗಿತ್ತು, ಏನೇನು ನೋಡಿದಿರಿ ಎಂದು ವಿಚಾರಿಸಿದರು. ಸಮುದ್ರ ಅಷ್ಟಾಗಿ ನೋಡಲಿಲ್ಲ, ಹೋಟೆಲಿನ ಮೆಟ್ಟಿಲ ಮೇಲೆ ಕೂತು ಬನ್ನು ತಿಂದೆವು ಎಂದಳು ಆಕೆ. ಅಧ್ಯಕ್ಷರ ಮುಖ ಸಣ್ಣದಾಯಿತು.

"ಅಲ್ಲಮ್ಮಾ, ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಮೆಟ್ಟಿಲು ಇಲ್ಲೇ ಇರ್ಲಿಲ್ವಾ?"

"ಇತ್ತು. ಕೂರಕ್ಕೆ ಪುರುಸೊತ್ತಿರ್ಲಿಲ್ಲ."